ದಾಖಲೆಯಲ್ಲಿದ್ದ ಇನ್ನೊಬ್ಬ ನಾನು

ಬೈಯುವುದಕ್ಕೆ ಒಬ್ಬರು ಸಿಕ್ಕರೆ ಬದುಕು ಎಷ್ಟು ಸಲೀಸಾಗುತ್ತದೆ ಎನ್ನುವುದು ಬೈಸಿಕೊಳ್ಳುವವರಿಗೆ ಅರ್ಥವಾಗುವುದಿಲ್ಲ. ಕೆಲವರು ಸರ್ಕಾರವನ್ನು ಬೈಯುತ್ತಾರೆ, ಕೆಲವರು ಮೇಲಿನ ಮನೆಯವರನ್ನು, ಇನ್ನು ಕೆಲವರು ತಮ್ಮ ಜಾತಕವನ್ನು. ನಾನು ಮತ್ತು ನನ್ನ ಹೆಂಡತಿ ಗಿರಿಜಾ ಒಂಬತ್ತು ವರ್ಷಗಳಿಂದ ನಮ್ಮ ಬ್ಯಾಂಕಿನ ಸಿಬ್ಬಂದಿ ವಿಭಾಗವನ್ನು ಬೈಯುತ್ತ ಬಂದಿದ್ದೆವು. ಬೇರೆ ದಂಪತಿಗಳು ಒಬ್ಬರನ್ನೊಬ್ಬರು ಬೈದುಕೊಳ್ಳುವ ಹೊತ್ತಿನಲ್ಲಿ ನಾವಿಬ್ಬರೂ ಚಹಾ ಹಿಡಿದು ಬಾಲ್ಕನಿಯಲ್ಲಿ ಕೂತು, ಒಬ್ಬರ ಮಾತಿಗೆ ಇನ್ನೊಬ್ಬರು ಸೇರಿಸುತ್ತ ಬ್ಯಾಂಕನ್ನು ಬೈಯುತ್ತಿದ್ದೆವು. ಕನ್ನಡ ಬಾರದ ನಮ್ಮ ಅಪಾರ್ಟ್‌ಮೆಂಟಿನವರು ಇದನ್ನು ನೋಡಿ, ಎಷ್ಟು ಅನ್ಯೋನ್ಯವಾದ ಜೋಡಿ ಎಂದು ಮಾತಾಡಿಕೊಂಡದ್ದೂ ಉಂಟು.

ಬೈಯುವುದಕ್ಕೆ ಕಾರಣವಿತ್ತು. ನಮ್ಮದು ಗದಗ. ನನಗೆ ಆಫೀಸರ್ ಎಂದು ಬಡ್ತಿ ಕೊಟ್ಟು ವಿಜಯವಾಡದ ಒನ್ ಟೌನ್ ಶಾಖೆಗೆ ಹಾಕಿದಾಗ ಗಿರಿಜಾ ಗದಗಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಸ್ವಂತ ರಾಜ್ಯದ ಹೊರಗೆ ಮೂರು ವರ್ಷ ದುಡಿದವರು ವಾಪಸು ಹೋಗಲು ಅರ್ಜಿ ಹಾಕಬಹುದು ಎಂಬುದು ಬ್ಯಾಂಕಿನ ನಿಯಮ. ಆ ನಿಯಮ ನಂಬಿಕೊಂಡು ಅವಳು ಸಂಬಳವಿಲ್ಲದ ರಜೆ ಹಾಕಿ ನನ್ನ ಜೊತೆ ಬಂದಳು. ಶಾಲೆಯವರು ಮೂರು ವರ್ಷ ಕಾದರು, ಆಮೇಲೆ ಬೇರೆಯವರನ್ನು ತೆಗೆದುಕೊಂಡರು. ಮೂರು ವರ್ಷ ತುಂಬಿದಾಗಿನಿಂದ ನಾನು ಪ್ರತಿ ವರ್ಷವೂ ಕರ್ನಾಟಕಕ್ಕೆ ವರ್ಗ ಬೇಡಿ ಅರ್ಜಿ ಹಾಕಿದೆ. ಪ್ರತಿ ವರ್ಷವೂ ಒಂದೇ ಸಾಲಿನ ಉತ್ತರ ಬಂತು: ತಮ್ಮ ಕೋರಿಕೆ ಪರಿಗಣನೆಗೆ ಅರ್ಹವಲ್ಲ. ನನ್ನನ್ನು ಒನ್ ಟೌನಿನಿಂದ ಭೀಮುನಿಪಟ್ಟಣಕ್ಕೂ ಅಲ್ಲಿಂದ ವಿಶಾಖಪಟ್ಟಣಕ್ಕೂ ಸರಿಸಿದರೇ ಹೊರತು ರಾಜ್ಯದ ಗಡಿ ದಾಟಿಸಲಿಲ್ಲ. ಅಷ್ಟರಲ್ಲಿ ನಮ್ಮ ಮಗಳು ತೆಲುಗಿನಲ್ಲಿ ನಗೆಚಟಾಕಿ ಹಾರಿಸಿ, ನಾವು ನಗದಿದ್ದರೆ ಅದನ್ನು ನಮಗೆ ಕನ್ನಡದಲ್ಲಿ ವಿವರಿಸುವಷ್ಟು ದೊಡ್ಡವಳಾದಳು.

ಇದಕ್ಕೆಲ್ಲ ನಾವು ಕಂಡುಕೊಂಡ ಖಳನಾಯಕ ವಿಜಯವಾಡದ ವಲಯ ಕಚೇರಿಯ ಸಿಬ್ಬಂದಿ ಅಧಿಕಾರಿ ರಾವ್‌ಗಾರು. ಫೋನ್ ಮಾಡಿದರೆ ಬಹಳ ವಿನಯದಿಂದ, "ಸಿಸ್ಟಮ್ ಒಪ್ಪುಕೋವಟ್ಲೇದಂಡಿ" ಎನ್ನುತ್ತಿದ್ದರು. ಸಿಸ್ಟಮ್ ಒಪ್ಪುತ್ತಿಲ್ಲ, ತಾವೇನು ಮಾಡಲಿ ಎಂದು. ಅದಕ್ಕೆ ಸೇರಿಸಿ, "ಅಯಿನಾ ಮೀಕೇಮಂಡಿ, ಮೀರು ಮನವಾಳ್ಳೇ ಕದಾ" ಎಂದು, ನಿಮಗೇನು ಬಿಡಿ, ನೀವು ನಮ್ಮವರೇ ಅಲ್ಲವೇ ಎಂದು, ಸಮಾಧಾನ ಹೇಳುತ್ತಿದ್ದರು. ನಾನು ಕರಗಿಹೋಗಿ ಗಿರಿಜಾಗೆ, ನೋಡು, ತೆಲುಗಿನವರಿಗೆ ನಮ್ಮ ಮೇಲೆ ಎಂಥ ಪ್ರೀತಿ ಎಂದಿದ್ದೆ. "ಅಷ್ಟು ಪ್ರೀತಿ ಇದ್ರ ಬಿಟ್ಟು ಕಳಸ್ಲಿ" ಎಂದಳು ಅವಳು. ರಾವ್‌ಗಾರು ವಿಚಿತ್ರ ಮನುಷ್ಯರೂ ಹೌದು. ನಾನು ವಿಜಯವಾಡಕ್ಕೆ ಹೋದಾಗಲೆಲ್ಲ, ಹೊರಗಿನ ಊಟ ಎಷ್ಟು ದಿನ ತಿನ್ನುತ್ತೀರಿ ಎಂದು ಮರುಗಿ ಮನೆಗೆ ಕರೆದು ಊಟ ಹಾಕಿ, ಬರುವಾಗ ಗೋಂಗೂರ ಉಪ್ಪಿನಕಾಯಿಯ ಬಾಟಲಿ ಕೈಗಿಡುತ್ತಿದ್ದರು. ಅದೇ ಮನುಷ್ಯ ಒಮ್ಮೆ ವಿಶಾಖಪಟ್ಟಣದ ಬೀಚ್ ರಸ್ತೆಯಲ್ಲಿ ಎದುರಾದಾಗ, ನನ್ನ ಪಕ್ಕದಲ್ಲಿದ್ದ ಗಿರಿಜಾಳನ್ನು ನೋಡಿ ಥಟ್ಟನೆ ಮುಖ ತಿರುಗಿಸಿ ರಸ್ತೆ ದಾಟಿಬಿಟ್ಟರು. ಎಂಥ ಸೊಕ್ಕು ಎಂದು ಗಿರಿಜಾ ಅಂದಿನಿಂದ ಪ್ರತಿ ಸೋಮವಾರ ಶಿವನ ಮುಂದೆ ಅವರ ಹೆಸರು ಹಿಡಿದು ಶಪಿಸುತ್ತಿದ್ದಳು. ಅವರ ಉಪ್ಪಿನಕಾಯಿಯನ್ನು ಮಾತ್ರ ಬಾಟಲಿ ತೊಳೆದಂತಾಗುವವರೆಗೆ ತಿನ್ನುತ್ತಿದ್ದಳು.

ಹೀಗೆ ಸುಖವಾಗಿ ಬೈದುಕೊಂಡಿರುವಾಗ ಕೇಂದ್ರ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಪ್ರತಿ ಶಾಖೆಯಲ್ಲೂ ಒಬ್ಬ ಡೇಟಾ ಸ್ಟೀವರ್ಡ್ ಇರಬೇಕಂತೆ. ಅದೇನೆಂದು ಯಾರಿಗೂ ಗೊತ್ತಿರಲಿಲ್ಲ. ಮೀಟಿಂಗಿನಲ್ಲಿ ಎಲ್ಲರೂ ನೆಲ ನೋಡುತ್ತಿದ್ದಾಗ ನಾನೊಬ್ಬ ಫ್ಯಾನ್ ನೋಡುತ್ತಿದ್ದೆನಾದ್ದರಿಂದ ಮ್ಯಾನೇಜರರ ಕಣ್ಣಿಗೆ ಬಿದ್ದೆ. ಕನ್ನಡದಲ್ಲಿ ಅದನ್ನು ಏನೆನ್ನಬಹುದು ಎಂದು ದಾರಿಯುದ್ದಕ್ಕೂ ಯೋಚಿಸಿ, ಕಡೆಗೆ ಮಾಹಿತಿಯ ಪಾರುಪತ್ತೇಗಾರ ಎಂದು ನಿರ್ಧರಿಸಿದೆ. ಚಿಕ್ಕಂದಿನಲ್ಲಿ ನಮ್ಮೂರ ಮಠದ ಪಾರುಪತ್ತೇಗಾರರು ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಓಡಾಡುವುದನ್ನು ಕಂಡಿದ್ದೆ. ಆ ಗತ್ತಿನಲ್ಲೇ ಎರಡು ದಿನದ ತರಬೇತಿಗೆಂದು ವಿಜಯವಾಡದ ರೈಲು ಹತ್ತಿದೆ.

ಬೆಂಜ್ ಸರ್ಕಲ್ ಹತ್ತಿರದ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ತರಬೇತಿ. ಕಲಿಸಲು ಬಂದವಳು ಲಾವಣ್ಯ ಎಂಬ ಹುಡುಗಿ. ಹುಡುಗಿ ಎಂದದ್ದು ನನ್ನ ತಪ್ಪು. ವಲಯದ ಡೇಟಾ ವಿಭಾಗಕ್ಕೆ ಅವರೇ ಮುಖ್ಯಸ್ಥರು. ಒಂದು ಮಾಹಿತಿಗೆ ಒಡೆಯರು ಯಾರು, ಅದನ್ನು ಬರೆಯುವವರು ಯಾರು, ನೋಡಬಹುದಾದವರು ಯಾರು, ತಿದ್ದುವ ಹಕ್ಕು ಯಾರದು, ಎಷ್ಟು ವರ್ಷ ಇಟ್ಟುಕೊಳ್ಳಬೇಕು, ಇದೆಲ್ಲ ಮೊದಲೇ ಗೊತ್ತಿರಬೇಕಂತೆ. ಗೊತ್ತಿಲ್ಲದಿದ್ದರೆ ಎಲ್ಲರೂ ಬರೆಯುತ್ತಾರೆ, ಯಾರೂ ನೋಡುವುದಿಲ್ಲ. ಉದಾಹರಣೆಗೆ ಒಂದು ಶಾಖೆಯ ಪಟ್ಟಿ ತೋರಿಸಿದರು. ಮೀನು ಮಾರುವ ಹೆಂಗಸರೆಲ್ಲರ ಉದ್ಯೋಗ ಅದರಲ್ಲಿ ಅಕೌಂಟೆಂಟ್ ಎಂದಿತ್ತು. ಉದ್ಯೋಗದ ಅಂಕಣವನ್ನು ಖಾಲಿ ಬಿಡುವಂತಿಲ್ಲ, ಪಟ್ಟಿಯಲ್ಲಿ ಮೊದಲು ಬರುವ ಹೆಸರು ಅಕೌಂಟೆಂಟ್, ಗುಮಾಸ್ತರು ಅವಸರದಲ್ಲಿ ಅದನ್ನು ಹಾಗೇ ಬಿಟ್ಟು ಮುಂದೆ ಹೋಗಿದ್ದಾರೆ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಕ್ಕು ಸುಮ್ಮನಾಗಲಿಲ್ಲ, ಇಂಥವರಿಗೆ ಮೊದಲು ಮೆಮೊ ಕೊಡಬೇಕು ಮೇಡಂ ಎಂದೂ ಹೇಳಿದೆ.

ಲಾವಣ್ಯ ಮೇಡಂ ತಲೆಯಾಡಿಸಿ, ಗ್ರಾಹಕರದ್ದು ಆಮೇಲೆ ನೋಡೋಣ, ಮೊದಲು ಎಲ್ಲರೂ ಬ್ಯಾಂಕಿನಲ್ಲಿರುವ ತಮ್ಮ ತಮ್ಮ ದಾಖಲೆ ತೆರೆದು ಓದಿ ಎಂದರು. ತೆರೆದೆ. ನನ್ನ ಹೆಸರು ಸರಿಯಾಗಿತ್ತು. ಅದರ ಕೆಳಗೆ, ಸ್ವಂತ ರಾಜ್ಯ: ಆಂಧ್ರಪ್ರದೇಶ. ಬಗ್ಗಿ ಇನ್ನೊಮ್ಮೆ ಓದಿದೆ. ಮಾತೃಭಾಷೆ: ಅಸ್ಸಾಮಿ. ಕನ್ನಡಕ ಒರೆಸಿಕೊಂಡೆ. ವೈವಾಹಿಕ ಸ್ಥಿತಿ: ವಿಚ್ಛೇದಿತ.

ಗಡಿಯಾರ ನೋಡಿದೆ, ಗೋಡೆ ನೋಡಿದೆ, ಮತ್ತೆ ಪರದೆ ನೋಡಿದೆ. ಒಂಬತ್ತು ವರ್ಷಗಳಿಂದ ಬ್ಯಾಂಕಿನ ಲೆಕ್ಕದಲ್ಲಿ ನಾನು ಹೆಂಡತಿಯನ್ನು ಬಿಟ್ಟು ಅಸ್ಸಾಮಿ ಮಾತಾಡಿಕೊಂಡಿರುವ ಒಬ್ಬ ಆಂಧ್ರದವನು! ಸ್ವಂತ ರಾಜ್ಯದಲ್ಲೇ ಹಾಯಾಗಿರುವವನು ಸ್ವಂತ ರಾಜ್ಯಕ್ಕೆ ಹೇಗೆ ಹೋಗುತ್ತಾನೆ? ಸಿಸ್ಟಮ್ ಒಪ್ಪದೇ ಇದ್ದದ್ದು ಸರಿಯಾಗಿಯೇ ಇತ್ತು. ಮೊದಲು ಬಂದದ್ದು ಗಾಬರಿಯಾದರೂ ಅದರ ಬೆನ್ನಿಗೇ ಒಂದು ಆನಂದ ಬಂತೆಂದು ಒಪ್ಪಿಕೊಳ್ಳುತ್ತೇನೆ. ಬ್ಯಾಂಕು ಮಾಡಿದ ಅನ್ಯಾಯಕ್ಕೆ ಕಡೆಗೂ ಸಾಕ್ಷಿ ಸಿಕ್ಕಿತ್ತು. ಎದ್ದು ನಿಂತೆ. ಬೇಜವಾಬ್ದಾರಿಯಿಂದ ಒಂದು ಕುಟುಂಬದ ಒಂಬತ್ತು ವರ್ಷ ಹಾಳಾದದ್ದರ ಬಗ್ಗೆ, ಒಬ್ಬ ಶಿಕ್ಷಕಿ ನೌಕರಿ ಕಳೆದುಕೊಂಡದ್ದರ ಬಗ್ಗೆ, ನನಗೇ ಕಣ್ಣು ತೇವವಾಗುವಂತೆ ಭಾಷಣ ಮಾಡಿದೆ. ಇದನ್ನು ಬರೆದ ಮಹಾಶಯ ಯಾರು, ಅವನ ಹೆಸರು ನನಗೆ ಈಗಲೇ ಬೇಕು ಎಂದು ಮೇಜು ಕುಟ್ಟಿದೆ. ಇಡೀ ಕ್ಲಾಸು ನನ್ನ ಪರವಾಗಿತ್ತು. ಸಿಬ್ಬಂದಿ ವಿಭಾಗದ ಪರವಾಗಿ ತರಬೇತಿಗೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ರಾವ್‌ಗಾರು ಕೂಡ ಪಾಪ, ಬೆವರು ಒರೆಸಿಕೊಂಡರು.

"ಅದು ಕೂಡ ಗೊತ್ತಾಗುತ್ತೆ ಸರ್, ಪ್ರತಿ ಮಾಹಿತಿಗೂ ಬರೆದವರ ಗುರುತು ಇರುತ್ತೆ" ಎಂದು ಲಾವಣ್ಯ ಮೇಡಂ ತೆಲುಗಿನಲ್ಲಿ ಹೇಳುತ್ತ ನನ್ನ ಕಂಪ್ಯೂಟರಿನ ಬಳಿ ಬಂದು ಒಂದು ಗುಂಡಿ ಒತ್ತಿದರು. ಅಲ್ಲಿ ಒಂದು ನೌಕರ ಸಂಖ್ಯೆ ಬಂತು. ಅದನ್ನು ಅವರು ಜೋರಾಗಿ ಓದತೊಡಗಿದರು. ಅರ್ಧ ಓದುವಷ್ಟರಲ್ಲಿ ಉಳಿದ ಅರ್ಧ ನನ್ನ ಬಾಯಿಗೆ ಬಂತು, ಏಕೆಂದರೆ ಅದು ನನ್ನದೇ ಸಂಖ್ಯೆ. ತಾರೀಖು, ನಾನು ಒನ್ ಟೌನ್ ಶಾಖೆಗೆ ಸೇರಿದ ದಿನದ್ದು. ಹೊತ್ತು, ಮಧ್ಯಾಹ್ನದ ಊಟದ್ದು.

ಎಲ್ಲವೂ ನೆನಪಾಯಿತು. ಆ ದಿನ ಹೊಸ ಶಾಖೆಯ ಗೆಳೆಯರು ಊಟಕ್ಕೆ ಬಾಗಿಲಲ್ಲಿ ಕಾಯುತ್ತಿದ್ದರು. ಅಷ್ಟುದ್ದದ ಫಾರಂ ತುಂಬದೆ ಪರದೆ ಮುಂದೆ ಹೋಗಲೊಲ್ಲದು. ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ ರಾಜ್ಯಗಳಲ್ಲಿ ಆಂಧ್ರ ಮೊದಲು, ಭಾಷೆಗಳಲ್ಲಿ ಅಸ್ಸಾಮಿ ಮೊದಲು, ವಿವಾಹಿತರಿಗಿಂತ ವಿಚ್ಛೇದಿತರು ಮೊದಲು. ನಾನು ಸರಸರನೆ ಒಪ್ಪಿಗೆ ಒತ್ತಿಕೊಂಡು ಹೋಗಿ ಊಟಕ್ಕೆ ಕೂತೆ. ಆ ಸಂಜೆ ಗಿರಿಜಾಗೆ, ಬೇರೆಯವರು ಗಂಟೆಗಟ್ಟಲೆ ಮಾಡುವ ಕೆಲಸವನ್ನು ಐದು ನಿಮಿಷದಲ್ಲಿ ಮುಗಿಸಿದೆ ಎಂದು ಕೊಚ್ಚಿಕೊಂಡಿದ್ದೆ ಕೂಡ. ನಾನು ಮೆಲ್ಲಗೆ ಕೂತೆ. ಆಗ ಹಿಂದಿನ ಸಾಲಿನಿಂದ ರಾವ್‌ಗಾರು ಬಹಳ ಸಂಕೋಚದಿಂದ ಕೇಳಿದರು:

"ಅಯಿತೇ, ಆ ರೋಜು ಬೀಚ್ ರೋಡ್‌ಲೋ ಮೀತೋ ಉನ್ನಾವಿಡ, ಮೀ ಆವಿಡೇನಾ ಅಂಡಿ?"

ಅಂದರೆ ಆ ದಿನ ನನ್ನ ಜೊತೆಗಿದ್ದವರು ನನ್ನ ಹೆಂಡತಿಯೇ ಏನು ಎಂದು. ಹೌದು ಎಂದೆ. ರಾವ್‌ಗಾರು ಎರಡೂ ಕೈಯಲ್ಲಿ ಕೆನ್ನೆ ಬಡಿದುಕೊಂಡರು. ಅವರು ನನ್ನನ್ನು ಅನಂತಪುರದ ಕಡೆಯವನೆಂದೂ, ಸಂಸಾರ ಮುರಿದ ನೋವನ್ನು ಮರೆಯಲು ಕರ್ನಾಟಕಕ್ಕೆ ಹೋಗಬಯಸುತ್ತಿದ್ದೇನೆಂದೂ ತಿಳಿದಿದ್ದರಂತೆ. ಊಟ, ಉಪ್ಪಿನಕಾಯಿ, ಯಾರೋ ಹೆಂಗಸಿನ ಜೊತೆಗಿರುವ ನನಗೆ ಮುಜುಗರವಾಗದಿರಲೆಂದು ರಸ್ತೆ ದಾಟಿದ್ದು, ಎಲ್ಲವೂ ಒಳ್ಳೆಯತನವೇ. ಹಾಗಾದರೆ ವೈದ್ಯಕೀಯ ವಿಮೆಯ ಕಾರ್ಡಿನಲ್ಲಿ ನನ್ನ ಹೆಂಡತಿಯ ಹೆಸರು ಹೇಗೆ ಬಂತು ಮೇಡಂ ಎಂದು ನಾನು ಕಡೆಯ ಪ್ರಯತ್ನ ಮಾಡಿದೆ. ಆ ದಾಖಲೆ ಬೇರೆ ವಿಭಾಗದ್ದು, ಅವೆರಡೂ ಒಂದನ್ನೊಂದು ನೋಡಿಯೇ ಇಲ್ಲ, ಒಂದೇ ಸಂಗತಿಯನ್ನು ಎರಡು ಕಡೆ ಬರೆದಿಟ್ಟರೆ ಹೀಗೇ ಆಗುವುದು, ನಾಳೆಯ ಪಾಠವೇ ಅದು ಎಂದರು ಅವರು ಉತ್ಸಾಹದಿಂದ. ಒಂದೇ ಬ್ಯಾಂಕಿನಲ್ಲಿ ಜ್ವರ ಬಂದರೆ ನನಗೆ ಹೆಂಡತಿ ಉಂಟು, ವರ್ಗ ಬೇಕೆಂದರೆ ಇಲ್ಲ.

ತಿದ್ದುವುದಕ್ಕೆ ಎರಡು ಫಾರಂ ಕೊಟ್ಟರು. ರಾಜ್ಯ ಮತ್ತು ಭಾಷೆ ತಿದ್ದಲು ಒಂದು, ಮದುವೆಯದು ತಿದ್ದಲು ಇನ್ನೊಂದು. ಪಾರುಪತ್ತೇಗಾರನಾದ ಮಾತ್ರಕ್ಕೆ ನನ್ನ ದಾಖಲೆಯನ್ನು ನಾನೇ ತಿದ್ದಿಕೊಳ್ಳುವಂತಿಲ್ಲ; ಎರಡಕ್ಕೂ ಸಾಕ್ಷಿಯಾಗಿ ಮನೆಯವರ, ಅಂದರೆ ಹೆಂಡತಿಯ ಸಹಿ ಬೇಕು. ವಾಪಸು ಬರುವಾಗ ರೈಲಿನಲ್ಲಿ, ಗಿರಿಜಾಗೆ ಓದಗೊಡದೆ ಸಹಿ ಹಾಕಿಸಿಕೊಳ್ಳುವ ಉಪಾಯಗಳನ್ನು ರಾಜಮಹೇಂದ್ರಿಯಿಂದ ಅನಕಾಪಲ್ಲಿಯವರೆಗೂ ಹುಡುಕಿದೆ. ಅವಳು ಹಾಲಿನ ಪ್ಯಾಕೆಟ್ಟನ್ನೂ ಓದದೆ ಕತ್ತರಿಸುವವಳಲ್ಲ.

ಭಾನುವಾರ ಬೆಳಿಗ್ಗೆ ಅವಳು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಎಲ್ಲವನ್ನೂ ಹೇಳಿ ಎರಡೂ ಫಾರಂ ಮುಂದಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಮೊದಲ ಅಕ್ಷರದಿಂದ ಕಡೆಯ ಅಕ್ಷರದವರೆಗೆ ಓದಿದಳು. ತಪ್ಪಿಗೆ ಕಾರಣ ಎಂಬಲ್ಲಿ ನಾನು ತಾಂತ್ರಿಕ ದೋಷ ಎಂದು ಬರೆದಿದ್ದೆ. ಅದರ ಮೇಲೆ ಬೆರಳಿಟ್ಟಳು.

"ಇದನ್ನ ತುಂಬಿದವ್ರು ಯಾರು?"

"ನಾನ."

"ಓದ್ಲಾರದನ?"

"ಊಟದ ಹೊತ್ತಾಗಿತ್ತು."

"ಒಂಬತ್ತು ವರ್ಷದಾಗ ಒಂದ್ಸಲನೂ ತಗದು ನೋಡ್ಲಿಲ್ಲೇನ್ರಿ?"

"ಎಲ್ಲಾ ಬರೋಬ್ಬರಿ ಇರ್ತೈತಿ ಅನ್ಕೊಂಡಿದ್ದೆ."

ಅವಳು ಕೂಗಾಡುತ್ತಾಳೆಂದು ನಾನು ಸಿದ್ಧನಾಗಿದ್ದೆ. ಅವಳು ಕೂಗಾಡಲಿಲ್ಲ. "ನಮ್ಮ ಸಾಲಿ ಹೆಡ್‌ಮಿಸ್ಟ್ರೆಸ್ ಬಾಯಾರು ಮೂರು ವರ್ಷ ನನ್ನ ಜಾಗಾ ಯಾರಿಗೂ ಕೊಟ್ಟಿದ್ದಿಲ್ಲ" ಎಂದಷ್ಟೇ ಹೇಳಿ ಸೊಪ್ಪಿನ ಕಡೆ ನೋಡುತ್ತ ಕೂತಳು. ಕಣ್ಣು ತುಂಬಿದ್ದವು. ಬೆಂಜ್ ಸರ್ಕಲ್ಲಿನ ಪರದೆ ನೋಡಿದಾಗಲೂ ನನಗೆ ಅಷ್ಟು ಆಘಾತವಾಗಿರಲಿಲ್ಲ. ಇಷ್ಟು ವರ್ಷ ಅವಳ ಜೊತೆಗೆ ಕೂತು ಅವಳ ಬದುಕು ಹಾಳು ಮಾಡಿದವನನ್ನು ಬೈದಿದ್ದೆನಲ್ಲ, ಅವನು ಅವಳ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ. ತಪ್ಪಾಯಿತು ಎಂದೆ. ಬಹಳ ಸಣ್ಣ ಮಾತಾಗಿ ಕೇಳಿಸಿತು.

ಸೊಪ್ಪೆಲ್ಲ ಸೋಸಿ ಮುಗಿಸಿ ಅವಳು ಪೆನ್ನು ತರಿಸಿ, ತಾಂತ್ರಿಕ ದೋಷವನ್ನು ಹೊಡೆದುಹಾಕಿ, ಓದದೆ ತುಂಬಿದ್ದು ಎಂದು ದುಂಡಗೆ ಬರೆದು ರಾಜ್ಯದ ಫಾರಂಗೆ ಸಹಿ ಹಾಕಿದಳು. ರಾವ್‌ಗಾರಿಗೆ ಕೊಡಲು ಶೇಂಗಾ ಹೋಳಿಗೆ ಮಾಡುವುದಾಗಿಯೂ, ಅಷ್ಟು ಸೋಮವಾರಗಳ ಶಾಪಕ್ಕೆ ಬೇರೆ ದಾರಿ ಕಾಣುವುದಿಲ್ಲವೆಂದೂ ಹೇಳಿದಳು. ನನಗೆ ಜೀವ ಬಂದಂತಾಗಿ ಎರಡನೇ ಫಾರಂ ಮುಂದೆ ಸರಿಸಿದೆ. ಅದನ್ನು ಮಡಚಿ ಅಡುಗೆಮನೆಯ ಡಬ್ಬಿಯೊಂದರ ಕೆಳಗಿಟ್ಟಳು.

"ಇದಕ್ಕೇನು ಅವಸರ ಐತಿ? ಒಂಬತ್ತು ವರ್ಷ ನಡದೈತಿ. ಗದಗಿನ ಆರ್ಡರ್ ಕೈಯಾಗ ಬರ್ಲಿ, ಆಮ್ಯಾಲೆ ವಿಚಾರ ಮಾಡೂಣು."

ರಾಜ್ಯದ ತಿದ್ದುಪಡಿ ಎರಡೇ ವಾರದಲ್ಲಿ ಮಂಜೂರಾಯಿತು. ನಾನೀಗ ಕಾನೂನುಬದ್ಧವಾಗಿ ಕನ್ನಡಿಗ. ವರ್ಗದ ಅರ್ಜಿಯನ್ನು ಸಿಸ್ಟಮ್ ಮೊದಲ ಬಾರಿಗೆ ಸ್ವೀಕರಿಸಿದೆ. ಪಟ್ಟಿ ಮೇ ತಿಂಗಳಲ್ಲಿ ಬರುತ್ತದಂತೆ. ನಮ್ಮ ಶಾಖೆಯ ಗ್ರಾಹಕರ ದಾಖಲೆಗಳನ್ನೆಲ್ಲ ನಾನು ಒಂದೊಂದಾಗಿ ಓದಿ ತಿದ್ದಿಸಿದ್ದೇನೆ. ವಾರದ ವರದಿಯಲ್ಲಿ ಬಾಕಿ ಎಂದು ಕಾಣುವುದು ಒಂದೇ, ಅದು ಪಾರುಪತ್ತೇಗಾರನ ಮದುವೆ. ವಿಳಂಬಕ್ಕೆ ಕಾರಣ ಬರೆಯದೆ ವರದಿ ಮುಂದೆ ಹೋಗುವುದಿಲ್ಲವಾದ್ದರಿಂದ, ಈ ಸಲ ಸುಳ್ಳು ಬೇಡವೆಂದು, ಪತ್ನಿಯ ಪರಿಶೀಲನೆಯಲ್ಲಿದೆ ಎಂದು ಬರೆದು ಕಳಿಸಿದೆ. ಮರುದಿನವೇ ಲಾವಣ್ಯ ಮೇಡಂ ಅದನ್ನು ವಾಪಸು ಕಳಿಸಿದರು. ನಮ್ಮ ದಾಖಲೆಯ ಪ್ರಕಾರ ತಮಗೆ ಪತ್ನಿ ಇರುವುದಿಲ್ಲ, ಆದ್ದರಿಂದ ಈ ಕಾರಣವನ್ನು ಒಪ್ಪಲು ಬರುವುದಿಲ್ಲ ಎಂದು ಕೆಳಗೆ ಷರಾ ಇತ್ತು. ನಾನು ಕಂಗಾಲಾಗಿ ಅದನ್ನು ಗಿರಿಜಾಗೆ ತೋರಿಸಿದೆ. ಅವಳು ಎರಡು ಸಲ ಓದಿ, ಎಷ್ಟೋ ದಿನಗಳ ಮೇಲೆ ಮನಸಾರೆ ನಕ್ಕು, "ಹುಡುಗಿ ಭಾಳ ಶಾಣ್ಯಾಕಿ ಅದಾಳ್ರಿ" ಎಂದಳು.