ವಿ.ಪಿ.ಎನ್‌ಗೆ ಪರಸ್ಥಾನ

ಕಂಪ್ಯೂಟರ್ ಕೈಕೊಟ್ಟಿದೆ ಅಂತ ಕರೆದರೆ ನಾನು ಮೊದಲು ಮನೆಯವರನ್ನ ನೋಡ್ತೀನಿ, ಮೆಷಿನ್ನಿನ ಸರದಿ ಆಮೇಲೆ. ಕೂತಲ್ಲಿಂದಲೇ ಬೇರೆ ಆಫೀಸಿನ ಕಂಪ್ಯೂಟರಿಗೆ ಸೇರಿಸೋ ವಿ.ಪಿ.ಎನ್. ನಮ್ಮ ಕಡೆ ಬಂದ ಹೊಸತರಲ್ಲಂತೂ ದಿನಾ ಒಂದಲ್ಲ ಒಂದು ತಮಾಷೆ.

ಇನ್ನೊಂದು ಎಲೆ

ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿ ಯಜಮಾನರಿಗೆ ಎರಡು ಪ್ರೆಸ್ಸಿನವರು ಎರಡು ವಿ.ಪಿ.ಎನ್. ಕೊಟ್ಟಿದ್ದರು. ಒಂದು ತೆರೆದರೆ ಇನ್ನೊಂದು ‘ಪೋರ್ಟ್ ಖಾಲಿ ಇಲ್ಲ’ ಅಂತ ಮುನಿಸಿಕೊಳ್ತಿತ್ತು. ಪೋರ್ಟ್ ಅಂದ್ರೆ ಕಂಪ್ಯೂಟರಿನೊಳಗೆ ವಿ.ಪಿ.ಎನ್. ಕೂರೋ ಜಾಗ. ಮಧ್ಯಾಹ್ನವೆಲ್ಲ ಒದ್ದಾಡಿ, “ಇರೋದು ಒಂದೇ ಎಲೆ ಸಾರ್, ಇಬ್ಬರೂ ಅಲ್ಲೇ ಊಟಕ್ಕೆ ಕೂರ್ತೀವಿ ಅಂತಾರೆ. ಒಬ್ಬರನ್ನ ಎಬ್ಬಿಸಲಾ?” ಅಂದೆ.

“ಛೆ ಛೆ, ಕೂತವರನ್ನ ಎಬ್ಬಿಸಬಾರದು. ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ.”

ಎರಡನೆಯದಕ್ಕೆ ಬೇರೆ ಪೋರ್ಟ್ ನಂಬರ್ ಕೊಟ್ಟೆ. ಎರಡೂ ನಡೆದವು. “ಬಂದ ತಕ್ಷಣ ನನ್ನನ್ನೇ ಕೇಳಬಾರದಿತ್ತಾ?” ಅಂದರು ಯಜಮಾನರು.

ಶುಕ್ರವಾರದ ಕಾಟ

ವೈಯಾಲಿಕಾವಲ್‌ನ ಒಬ್ಬ ಹೆಣ್ಣುಮಗಳಿಗೆ, ಕೈಗೂಸಿದೆ ಅಂತ, ಮನೆಯಿಂದ ಕೆಲಸ ಮಾಡೋಕೆ ಮ್ಯಾನೇಜರ್ ಒಪ್ಪಿದ್ದರು. ಮಿಕ್ಕ ದಿನವೆಲ್ಲ ಸಲೀಸು. ಶುಕ್ರವಾರ ಮಾತ್ರ ಹನ್ನೊಂದಕ್ಕೆ ಕೂತರೆ ‘ಪೋರ್ಟ್ ಖಾಲಿ ಇಲ್ಲ’.

“ಇನ್ನೊಂದು ಶುಕ್ರವಾರ ಹೀಗಾದ್ರೆ ಆಫೀಸಿಗೇ ಬನ್ನಿ ಅಂದಿದಾರೆ ಸಾರ್. ಮಗೂನ ಬಿಟ್ಟು ಹೆಂಗೆ ಹೋಗ್ಲಿ?” ಅಂದರು. “ನಾನಿದೀನಿ ಬಿಡಿ” ಅಂದೆ.

ಆ ಶುಕ್ರವಾರ ಹತ್ತಕ್ಕೇ ಹೋಗಿ ಕೂತೆ. ಮನೆಗೆಲ್ಲ ಒಂದೇ ಕಂಪ್ಯೂಟರ್, ಮಾವನಿಗೊಂದು ಲಾಗಿನ್, ಸೊಸೆಗೊಂದು. ಸ್ವಲ್ಪ ಹೊತ್ತಿಗೆ ಮಾವ ಪೂಜೆ ಮುಗಿಸಿ ಬಂದು, ತಮ್ಮ ಲಾಗಿನ್ನಲ್ಲಿ ವಿ.ಪಿ.ಎನ್. ತೆರೆದು, ಹಾಗೇ ಬಿಟ್ಟು ಎದ್ದರು.

“ಏನ್ ಸಾರ್ ಇದು?”

“ಹತ್ತೂವರೆಗೆ ರಾಹುಕಾಲ. ಇವಳು ಕೂರೋದು ಹನ್ನೊಂದಕ್ಕೆ. ಪ್ರಯಾಣ ಇದ್ದಾಗ ಒಳ್ಳೆ ಹೊತ್ತು ನೋಡಿ ಚೀಲ ಮೊದಲೇ ಪಕ್ಕದ ಮನೇಲಿ ಇಟ್ಟು ಪರಸ್ಥಾನ ಮಾಡಲ್ವಾ? ಇದೂ ಹಾಗೇ. ಪಾಪ, ಕೆಲಸ ಉಳೀಲಿ ಅಂತ.”

ಕೆಲಸಕ್ಕೆ ಕುತ್ತು ತಂದಿದ್ದೇ ಆ ಚೀಲ. ಇವರು ತೆರೆದಿಟ್ಟಿದ್ದು ಪೋರ್ಟ್ ಹಿಡಕೊಂಡು ಕೂತರೆ ಸೊಸೆಯದಕ್ಕೆ ಜಾಗ ಎಲ್ಲಿ? ವಿಷಯ ತಿಳಿದು ಮಾವನ ಮುಖ ಚಿಕ್ಕದಾಯ್ತು. “ಚೀಲ ಇಡಿ ಸಾರ್, ಆದ್ರೆ ಬಾಗಿಲಿಗೆ ಅಡ್ಡ ಬೇಡ. ಸೊಸೆ ಲಾಗಿನ್ನಲ್ಲೇ ತೆರೆದಿಡಿ. ವಿ.ಪಿ.ಎನ್. ಪಾಸ್‌ವರ್ಡು ಅವರು ಹನ್ನೊಂದಕ್ಕೆ ಹಾಕ್ಕೊಳ್ಳಲಿ” ಅಂದೆ.

ಮಾವನದನ್ನ ಮುಚ್ಚಿಸಿದೆ. ಹನ್ನೊಂದಕ್ಕೆ ಸರಿಯಾಗಿ ಸೊಸೆಯದು ಸೇರಿಕೊಂಡಿತು. ಅಷ್ಟರಲ್ಲೇ ಮ್ಯಾನೇಜರ್ ಫೋನು, ಇಷ್ಟು ದಿನ ಏನಾಗಿತ್ತು ಅಂತ. ಆಕೆ ಸ್ಪೀಕರ್ ಹಾಕಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. ಮುಗೀತು ಕಥೆ ಅಂದುಕೊಂಡು ಮೂವರೂ ಫೋನನ್ನೇ ನೋಡ್ತಾ ನಿಂತೆವು.

ಮ್ಯಾನೇಜರ್ ಮೆಲ್ಲಗೆ ಕೇಳಿದರು: “ಮುಂದಿನ ಶುಕ್ರವಾರ ನಮ್ಮ ಪ್ರಾಜೆಕ್ಟ್ ಕ್ಲೈಂಟಿಗೆ ತೋರಿಸೋದೂ ಹನ್ನೊಂದಕ್ಕೇ ಅಲ್ವೇನಮ್ಮ? ಮಾವನವರಿಗೆ ಹೇಳಿ, ಅದಕ್ಕೂ ಒಂದು ಕ್ಲಿಕ್ ಮಾಡಿಸಿಬಿಡಿ.”