ಶಾಲಿಗೆ ಸಿಕ್ಕ ಹೆಗಲು

ಅಜ್ಜಿಗೆ ಅರಿವೆ ಚಿಂತೆ, ಮೇಷ್ಟರಿಗೆ ಅನುದಾನದ ಚಿಂತೆ. ಗಾದೆ ತಪ್ಪಿರಬಹುದು, ಕತೆ ಮಾತ್ರ ನಿಜ. ನಡೆದದ್ದು ಚೆನ್ನೈನ ವಡಪಳನಿಯ ಒಂದು ಕಾಲೇಜಿನಲ್ಲಿ.

ನೆಮ್ಮದಿಯಿಂದಿರುವ ಹುಡುಗರು ಹೆಚ್ಚು ಕಲಿಯುತ್ತಾರೆಯೇ ಎಂದು ಸಂಶೋಧಿಸಲು ಗಿರಿಧರ್ ಮೇಷ್ಟರು ಅನುದಾನ ಕೇಳಿ ದಿಲ್ಲಿಗೆ ಅರ್ಜಿ ಹಾಕಿದ್ದರು. ಹಣ ಬಾರದಿದ್ದರೆ ಅವರನ್ನು ಹಾಸ್ಟೆಲ್ ವಾರ್ಡನ್ ಮಾಡುವುದಾಗಿ ಪ್ರಿನ್ಸಿಪಾಲರು ಹೇಳಿಯಾಗಿತ್ತು. ಅಂದರೆ ಹುಡುಗರ ನೆಮ್ಮದಿ ಹಾಗಿರಲಿ, ಅವರದ್ದೇ ಮುಗಿದಂತೆ.

ಬೆಳಿಗ್ಗೆ ಫೋನ್ ಬಂತು. ಗೊಗ್ಗರು ದನಿ, ಹಿಂದಿ ಬೆರೆತ ಇಂಗ್ಲಿಷು. ಇವತ್ತು ದಿಲ್ಲಿಯ ತಜ್ಞರು ಬರುತ್ತಾರಂತೆ, ಯಾರೆಂದು ಹೇಳುವುದಿಲ್ಲವಂತೆ, ಸಾಮಾನ್ಯರಂತೆ ಬಂದು ನೋಡಿಕೊಂಡು ಹೋಗುತ್ತಾರಂತೆ.

ಚೆನ್ನೈಯಲ್ಲಿ ಗಣ್ಯರು ಬಂದರೆ ಮೊದಲು ಶಾಲು, ಆಮೇಲೆ ಮಾತು. ಪ್ಯಾರೀಸ್ ಕಾರ್ನರ್ ಪೇಟೆಯಿಂದ ಸಗಟಾಗಿ ತಂದ ಶಾಲುಗಳನ್ನು ಹೆಗಲಿಗೇರಿಸಿ ಗಿರಿಧರ್ ಜವಳಿ ಅಂಗಡಿಯ ಬೊಂಬೆಯಂತೆ ಗೇಟಿನಲ್ಲಿ ನಿಂತರು.

ನೀರಿನ ಕ್ಯಾನ್ ಹೊತ್ತ ಹೊಸಬನೊಬ್ಬ ಬಂದ. ಅವನ ಹೆಗಲಿಗೆ ಶಾಲು ಬಿತ್ತು.

"ಎನಕ್ಕಾ ಸಾರ್?" ನನಗಾ ಎಂದು ಬೆರಗಾದ.

ಹುಡುಗರ ಬಗ್ಗೆ ತಮ್ಮ ಅಭಿಪ್ರಾಯವೇನೆಂದು ಗಿರಿಧರ್ ತಮಿಳಿನಲ್ಲಿ ಕೈಮುಗಿದು ಕೇಳಿದರು. ನೀರು ಕಮ್ಮಿ ಕುಡಿಯುತ್ತಾರೆ ಎಂದ. ಭಕ್ತಿಯಿಂದ ಬರೆದುಕೊಂಡರು.

ಝೆರಾಕ್ಸ್ ಮಿಷನ್ ರಿಪೇರಿಯವನಿಗೆ ಶಾಲಿನ ಜೊತೆ ಊಟ. ವಿಮಾ ಏಜೆಂಟನಿಗೆ ಶಾಲು, ಊಟ, ಮೇಲೊಂದು ಪಾಲಿಸಿ.

ಬೆವರೊರೆಸುತ್ತ ಸ್ಟಾಫ್ ರೂಮಿಗೆ ಬಂದಾಗ ಸರಸ ಮೇಡಂ, "ಗಿರಿ ಸಾರ್, ನಮ್ ಆಟೋದವನಿಗೂ ಒಂದು ಶಾಲು ಉಳ್ಸಿ" ಎಂದರು. ಮೂಲೆಯಿಂದ ಫೋನಿನ ಅದೇ ಗೊಗ್ಗರು ದನಿ ಕೇಳಿಸಿತು. ಅಲ್ಲಿ ಕೂತಿದ್ದವನು ಕಿರಿಯ ಸಹೋದ್ಯೋಗಿ ಸಂದೇಶ, ಉಡುಪಿ ಹೋಟೆಲಿನವರ ಮಗ, ಕಾಲೇಜಿನ ಮಿಮಿಕ್ರಿ ಪ್ರವೀಣ.

"ಎಂತ ಮಾರಾಯ್ರೆ, ಇನ್ನೂ ಗೊತ್ತಾಗ್ಲಿಲ್ವಾ ನಿಮಗೆ?"

ಗಿರಿಧರ್ ಕರೆಂಟ್ ಹೋದ ಫ್ಯಾನಿನಂತೆ ನಿಂತುಬಿಟ್ಟರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆ ನಗುವಿನ ನಡುವೆಯೇ ಬಾಗಿಲಲ್ಲಿ ಒಬ್ಬ ದಪ್ಪ ಮನುಷ್ಯ ಇಣುಕಿದರು. "ಒಳಗೆ ಕನ್ನಡ ಕೇಳಿ ಖುಷಿಯಾಯ್ತು. ನಾನು ಭೋಜರಾಜ, ದಿಲ್ಲಿಯಿಂದ. ಗಿರಿಧರ್ ಅವರ ಅರ್ಜಿ ವಿಷಯ..."

"ಓಹೋ, ದಿಲ್ಲಿಯವರು ಕನ್ನಡ ಮಾತಾಡ್ತಾರಾ? ಸಂದೇಶನ ಹೋಟೆಲ್ ಚಿಕ್ಕಪ್ಪ ತಾನೆ ನೀವು? ಒಂದು ದಿನಕ್ಕೆ ಒಂದೇ ಸಲ ಮೋಸ ಹೋಗೋದು ನಾನು." ಗಿರಿಧರ್ ನೀರಿನ ಕ್ಯಾನೆತ್ತಿ ಅವರ ಕೈಗಿಟ್ಟರು. "ಹಿಡ್ಕೊಳ್ಳಿ ಚಿಕ್ಕಪ್ಪ, ಮೂರನೇ ಮಹಡಿಗೆ ಹೊತ್ಕೊಂಡ್ ಹೋಗಿ."

ಭೋಜರಾಜರು ಕ್ಯಾನನ್ನು ತಬ್ಬಿಕೊಂಡು ಕಣ್ಣುಬಿಟ್ಟರು. ರೂಮಿನಲ್ಲಿ ನಗು ನಿಂತಿತು.

"ಸಾರ್," ಸಂದೇಶನ ದನಿ ಮೊದಲ ಸಲ ಅವನದ್ದೇ ಆಗಿತ್ತು, "ಇವರು ಯಾರು ಅಂತ ನನಗೆ ಗೊತ್ತಿಲ್ಲ."

"ಆಹಾ, ಎಂಥ ಆ್ಯಕ್ಟಿಂಗು."

ಅಷ್ಟರಲ್ಲಿ ಪ್ರಿನ್ಸಿಪಾಲರು ಶಾಲು ಹಿಡಿದು ಏದುಸಿರು ಬಿಡುತ್ತ ಬಂದರು. ಕ್ಯಾನ್ ತಬ್ಬಿದ ಅತಿಥಿಯನ್ನು ಕಂಡು ಬಾಯಿ ತೆರೆದವರು ಮುಚ್ಚಲೇ ಇಲ್ಲ.

"ನೋಡ್ರಪ್ಪಾ, ಪ್ರಿನ್ಸಿಪಾಲ್ರಿಗೂ ಪಾರ್ಟ್ ಕೊಟ್ಟಿದಾನೆ," ಎಂದು ಗಿರಿಧರ್ ಹೊಟ್ಟೆ ಹಿಡಿದುಕೊಂಡು, ಇಡೀ ಕಾಲೇಜಿಗೆ ಕೇಳುವಂತೆ ಒಬ್ಬರೇ ನಕ್ಕರು.