ಮರಳುಗಾಡಿಗೆ ಹೊರಟ ಗಾಡಿ

ಭವ್ಯ: ಗಾಡಿ ತಿರುಗಿಸ್ರೀ ಅಂದ್ರೆ ತಿರುಗಿಸ್ಬೇಕು, ಅಷ್ಟೇಯ.

ಬಸವೇಶ್: ರಾಜಸ್ಥಾನಕ್ಕೆ ಹೊಂಟೋರು ಪಾವಗಡಾನೂ ಮುಟ್ದೆ ತಿರುಗೋದಾ?

ದೊಡ್ಡೇರಿಯ ಡ್ರಾಯಿಂಗ್ ಮೇಷ್ಟ್ರು ಬಸವೇಶ್ ಹಳೆಯ ಬಿಳಿ ವ್ಯಾನೊಂದನ್ನು ಕೊಂಡು, ಸೀಟು ಕಿತ್ತು, ಮಂಚ ಹಾಕಿ, ಗ್ಯಾಸ್ ಒಲೆ ಕೂರಿಸಿ, ಕಿಟಕಿಗೆ ಪರದೆ ಕಟ್ಟಲು ಇಡೀ ವರ್ಷ ಹೆಣಗಿದ್ದ. ದಸರಾ ರಜೆಯಲ್ಲಿ ಹೆಂಡತಿ ಮಕ್ಕಳಿಗೆ ಮೊದಲು ಮರಳುಗಾಡು, ಆಮೇಲೆ ಹಿಮಾಚಲದ ಬೆಟ್ಟ ತೋರಿಸಬೇಕೆಂಬುದು ಅವನ ಆಸೆ. ಬೆಳಿಗ್ಗೆ ಹೊರಟವರು ಮಧ್ಯಾಹ್ನವಾದರೂ ಪಾವಗಡ ಕಂಡಿರಲಿಲ್ಲ. ಕಿರಿಯವನು ನಂದೀಶ ದಾರಿಯುದ್ದಕ್ಕೂ ವಾಂತಿ ಮಾಡಿ, ಕಡೆಯದನ್ನು ಅಪ್ಪನ ಬೆನ್ನಿಗೇ ಒಪ್ಪಿಸಿದ್ದ. ಗಾಡಿ ರಸ್ತೆಬದಿಯ ಜಾಲಿಮರದಡಿ ನಿಂತಿತ್ತು.

ಭವ್ಯ: ಶಿರಾ ಮೇಲೆ ಹೋಗಿದ್ರೆ ನೇರ ಹೈವೇ ಸಿಗ್ತಿತ್ತು. ಈ ಕಡೆ ಯಾಕ್ ತಂದ್ರಿ?

ಬಸವೇಶ್: ಮಕ್ಳಿಗೆ ಮೊದ್ಲು ಬಿಸ್ಲು ಅಭ್ಯಾಸ ಆಗ್ಲಿ ಅಂತ.

ಭವ್ಯ: ಆಗೈತೆ ಬಿಡಿ. ನಿಮ್ಮ ಶರ್ಟ್ ನೋಡ್ಕಳಿ.

ಐದು ವರ್ಷದ ಪ್ರಿಯಾಂಕ ಕಿಟಕಿಯಿಂದ ತಲೆ ಹಾಕಿದಳು.

ಪ್ರಿಯಾಂಕ: ಅಪ್ಪ, ಬೆಟ್ಟ ಮಧುಗಿರೀಲಿ ನೋಡಾಯ್ತು. ಮರಳು ಇಲ್ಲೇ ಐತೆ. ಇನ್ನ ಮನೆಗೋಗಣ?

ಭವ್ಯ ಆ ಕಡೆ ತಿರುಗಿ ನಕ್ಕಳು. ಅಷ್ಟರಲ್ಲಿ, ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ಬಂದು, ಒಳಗಿನ ಮಂಚ, ಪರದೆ ನೋಡಿ, ಚಪ್ಪಲಿ ಬಿಟ್ಟು ಹತ್ತಿ ಮಲಗಿಯೇಬಿಟ್ಟಳು.

ಅಜ್ಜಿ: ಹೆಸ್ರು ಬರ್ಕೋ ನಾಯನಾ. ಚಿಕ್ಕಹನುಮಕ್ಕ. ಮಂಡಿ ನೋವು.

ಬಸವೇಶ್: ಅಜ್ಜಿ, ಇದು ಆಸ್ಪತ್ರೆ ಗಾಡಿ ಅಲ್ಲ. ನಮ್ಮನೆ.

ಅಜ್ಜಿ: ಮನೆಗ್ಯಾಕಪ್ಪ ಚಕ್ರ?

ಬಸವೇಶ್: ಮಕ್ಳನ್ನ ಕರ್ಕೊಂಡು ಮರಳುಗಾಡಿಗೆ ಹೊಂಟಿದೀವಿ.

ಅಜ್ಜಿ ಧಡಕ್ಕನೆ ಎದ್ದು ಕೂತಳು.

ಅಜ್ಜಿ: ಮರಳು ಗಾಡಿನಾ? ಮುಂದ್ಗಡೆ ಪೊಲೀಸ್ನೋರು ಮರಳು ಗಾಡಿ ಹಿಡೀತಾವ್ರೆ ನಾಯನಾ. ಪರ್ಮಿಟ್ ಐತಾ?

ಬಸವೇಶ್: ಗಾಡಿ ಅಲ್ಲಜ್ಜಿ, ಗಾಡು. ಬರೀ ಮರಳೇ ಇರೋ ಜಾಗ.

ಅಜ್ಜಿ: ಅಷ್ಟೊಂದು ತುಂಬ್ತೀಯಾ? ಹೆಂಡ್ತಿ ಮಕ್ಳನ್ನ ಕೂರ್ಸಿದ್ರೆ ಬುಟ್ಬುಡ್ತಾರೆ ಅಂದ್ಕಂಡಿದೀಯಾ?

ಭವ್ಯ: ಇಲ್ಲಜ್ಜಿ, ಇವ್ರು ಮರಳು ತುಂಬೋರಲ್ಲ. ಮರುಳು ಹಿಡ್ದೋರು.

ಅಜ್ಜಿ: ಹಂಗನ್ನು. ಅದ್ಕೆ ಪರ್ಮಿಟ್ ಬೇಡ.

ಭವ್ಯ ಮುಲಾಮು ತೆಗೆದು ಅಜ್ಜಿಯ ಮಂಡಿಗೆ ಹಚ್ಚಿದಳು. ಅಜ್ಜಿ ಹಾಯಾಗಿ ಇಳಿದು ಕುರಿಗಳ ಹಿಂದೆ ಹೋದಳು. ಮಕ್ಕಳು ಗಾಡಿಯ ನೆರಳಲ್ಲಿ ಮರಳು ಗುಡ್ಡೆ ಹಾಕತೊಡಗಿದ್ದರು. ವಾಂತಿಯೂ ಇಲ್ಲ, ಅಳುವೂ ಇಲ್ಲ. ಬಸವೇಶನಿಗೆ ಅದನ್ನು ಗಮನಿಸುವಷ್ಟೂ ಉತ್ಸಾಹ ಉಳಿದಿರಲಿಲ್ಲ. ತನ್ನ ಕೈಯಾರೆ ಕಟ್ಟಿದ ಪರದೆಗಳನ್ನೊಮ್ಮೆ ನೋಡಿ, ಸ್ಟೀರಿಂಗ್ ಮುಂದೆ ಕೂತ.

ಬಸವೇಶ್: ಆಯ್ತು ಕಣೇ. ಮಕ್ಳನ್ನ ಹತ್ತಿಸ್ಕೋ. ವಾಪಸ್ ಹೋಗಣ.

ಅವನ ದನಿ ಕೇಳಿ ಭವ್ಯಳ ಮನಸ್ಸು ಅರೆಕ್ಷಣ ಮೆತ್ತಗಾಯಿತು. ಏನೋ ಹೇಳಬೇಕೆನ್ನುವಾಗ ಫೋನು ಬಂತು. ಊರಿನಿಂದ ಅವನ ತಾಯಿ ಶಿವರುದ್ರಮ್ಮ. ಬಸವೇಶ್ ಸ್ಪೀಕರ್ ಒತ್ತಿದ.

ಶಿವರುದ್ರಮ್ಮ: ಏನ್ಲಾ, ಎಲ್ಲಿದೀರಿ? ಮುದ್ದೆಗೆ ಎಸ್ರಿಡ್ತಿದೀನಿ. ನಿಮ್ಗೂ ಸೇರ್ಸೇ ಮಾಡ್ತೀನಿ.

ಬಸವೇಶ್: ನಮ್ಗ್ಯಾಕವ್ವ?

ಶಿವರುದ್ರಮ್ಮ: ನಿನ್ನ ಹೆಂಡ್ತಿ ಪಾವಗಡ ದಾಟಕಿಲ್ಲ ಅಂತ ನಂಗೊತ್ತಿಲ್ವಾ? ಸಂತೆಗೋಗಿ ಬಂದ್ರೇ ತಲೆನೋವು ಅಂತ ಮಲಗೋಳು.

ಬಸವೇಶ್: ಹೂಂ ಕಣವ್ವ, ನಾವು ಈಗ ಬರ್...

ಭವ್ಯ ಫೋನು ಕಿತ್ತುಕೊಂಡಳು.

ಭವ್ಯ: ಅತ್ತೆ, ಮುದ್ದೆ ನಿಮ್ಗೂ ಮಾವಂಗೂ ಮಾಡ್ಕಳಿ ಸಾಕು. ನಾವು ಪಾವಗಡ ದಾಟಿ ಯಾವ್ದೋ ಕಾಲ ಆಯ್ತು. ಮಕ್ಳು ಮರಳಲ್ಲಿ ಆಡ್ತಾವೆ, ಹಾಂ, ಮರಳಲ್ಲೇ. ಇಡ್ಲಾ ಅತ್ತೆ?

ಫೋನಿಟ್ಟು, ಮಕ್ಕಳನ್ನು ಒಂದೊಂದು ಕಂಕುಳಿಗೆ ಏರಿಸಿಕೊಂಡು ಬಂದು ಒಳಗೆ ಹಾಕಿ, ಬಾಗಿಲೆಳೆದಳು. ಬಸವೇಶ್ ಕೀಲಿ ತಿರುಗಿಸಿ ಗಾಡಿ ಚಾಲೂ ಮಾಡಿದ.

ಬಸವೇಶ್: ಈಗ ಎತ್ಲಾಗೆ?

ಭವ್ಯ: ಪಾವಗಡದ ಕಡೆಗೆ. ಬೇಗ ಓಡಿಸ್ರೀ, ಹಿರಿಯರ ಹತ್ರ ನಾನು ಸುಳ್ಳು ಹೇಳಿದಂಗಾಗಬಾರ್ದು.